ಹೊಗೆಸೊಪ್ಪಿನ ಬಣ್ಣ

ನಮ್ಮ ಮನೆಯ ಒಳ್ಳೆಯ ಕೋಣೆ ನಮ್ಮದಾಗಿರಲಿಲ್ಲ. ಅದು ರೇಷ್ಮೆ ಹುಳುಗಳದ್ದು. ಗಾಳಿ, ಬೆಳಕು ಎರಡೂ ಬರುತ್ತಿದ್ದುದು ಅಲ್ಲಿಗೆ ಮಾತ್ರ. ಎರಡು ಕಿಟಕಿ, ನೊಣ ನುಗ್ಗದಂತೆ ಅವಕ್ಕೆ ಬಲೆ, ಬಿದಿರಿನ ದೊಡ್ಡ ತಟ್ಟೆಗಳನ್ನು ಒಂದರ ಮೇಲೊಂದು ಸೇರಿಸಿಟ್ಟ ಸ್ಟ್ಯಾಂಡುಗಳು, ಹೊಸ್ತಿಲಿನ ಉದ್ದಕ್ಕೂ ಸುಣ್ಣದ ಪುಡಿಯ ಗೆರೆ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು ನಡುಮನೆಯಲ್ಲೂ ಜಗಲಿಯಲ್ಲೂ ಹೇಗೋ ಒತ್ತಿಕೊಂಡು ಮಲಗುತ್ತಿದ್ದೆವು. ಸಾದಲಿಯ ಸುತ್ತಿನ ಊರುಗಳಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಹುಳು ಮೇಯಿಸುವ ಮನೆ ಅಂದರೆ ಹಾಗೇ. ಹುಳು ಬಂದ ಮೇಲೆ ಮನೆ ಅವುಗಳದ್ದು, ನಾವು ಬಾಡಿಗೆಗೆ ಇದ್ದವರು.

ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ದಿನದವರೆಗೆ, ಹೆಚ್ಚುಕಡಿಮೆ ಒಂದು ತಿಂಗಳು, ಮನೆಗೆ ಬೇರೆಯದೇ ಕಾನೂನು. ಸಾರಿಗೆ ಒಗ್ಗರಣೆ ಇಲ್ಲ. ಹುಳುವಿಗೆ ಆ ಘಾಟು ಆಗದು. ಮುದ್ದೆಯ ಜೊತೆ ಸಪ್ಪೆ ಹುರುಳಿ ಸಾರು, ತಿಂಗಳಿಡೀ. ದೇವರಿಗೆ ಊದುಬತ್ತಿ ಇಲ್ಲ, ಬರೀ ದೀಪ. ತಲೆಗೆ ಮಲ್ಲಿಗೆ ಇಲ್ಲ. ಅಪ್ಪ ಬೀಡಿ ಸೇದಬೇಕಾದರೆ ತೋಟದ ಆಚೆಯ ಹುಣಸೇಮರದವರೆಗೆ ಹೋಗಬೇಕು. ಅಜ್ಜಿ ಹೊಗೆಸೊಪ್ಪು ಹಾಕಿಕೊಳ್ಳಬೇಕಾದರೆ ಜಗಲಿಯ ತುದಿಯಲ್ಲಿ ಕೂರಬೇಕು. ಇಬ್ಬರೂ ಬೂದಿಯಿಂದ ಕೈ ಉಜ್ಜಿ ತೊಳೆದ ಮೇಲೇ ಹುಳುವಿನ ಕೋಣೆಗೆ ಹೋಗುವುದು. ಮುಟ್ಟಾದವರು ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಳ್ಳುವವರೆಗೆ ಸುಣ್ಣದ ಗೆರೆ ದಾಟುವಂತಿಲ್ಲ. ಹೊರಗಿನವರು ಇಣುಕಿ ನೋಡುವಂತೆಯೂ ಇಲ್ಲ. ಕಣ್ಣು ತಾಗುತ್ತದೆ, ಬೀದಿಯ ಧೂಳಿನಲ್ಲಿ ರೋಗ ಬರುತ್ತದೆ. ಅದೇ ಧೂಳಿನ ಕಾರಣಕ್ಕೆ ನಾನು ಶಾಲೆಯಿಂದ ಬಂದವಳು ಕಾಲು ತೊಳೆದು ಒಳಗೆ ಸೇರಿದರೆ ಮತ್ತೆ ಆಟಕ್ಕೆ ಹೋಗುವಂತಿರಲಿಲ್ಲ. ನನಗೆ ಒಡಹುಟ್ಟಿದವರಿಲ್ಲ. ಮೊದಮೊದಲು ಎದುರು ಮನೆಯ ಹುಡುಗಿ ಬೀದಿಯಲ್ಲೇ ನಿಂತು ಕೂಗುತ್ತಿದ್ದಳು.

"ಮಂಜೀ, ಬಾರೇ, ಕುಂಟೆಬಿಲ್ಲೆ ಆಡಣ."

ಉತ್ತರ ಕೊಡುತ್ತಿದ್ದುದು ಅಜ್ಜಿ.

"ಹುಳ ಜ್ವರಕ್ಕೆ ಕೂತವೆ ಕಣಮ್ಮ. ಎದ್ದ ಮೇಲೆ ಬರ್ತಾಳೆ, ಹೋಗು."

ಪೊರೆ ಬಿಡುವ ಮೊದಲು ಹುಳು ಮೇವು ನಿಲ್ಲಿಸಿ ಅಲುಗದೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ಹಾಗೆ ನಾಲ್ಕು ಜ್ವರ ದಾಟಿದರೆ ಗೂಡು. ಒಂದು ಜ್ವರ ಎದ್ದರೆ ಇನ್ನೊಂದು, ಒಂದು ಬೆಳೆ ಮುಗಿದರೆ ಮತ್ತೊಂದು. ಎದುರು ಮನೆಯವಳು ಎಷ್ಟು ಸಲ ತಾನೆ ಕೂಗಿಯಾಳು, ಬೇರೆ ಜೊತೆ ಹುಡುಕಿಕೊಂಡಳು. ಅವರ ಬಿಲ್ಲೆ ನೆಲಕ್ಕೆ ಬೀಳುವ ಸದ್ದು ನನಗೆ ಒಳಗೆ ಕೇಳುತ್ತಿತ್ತು. ಅದರ ಜೊತೆಗೆ ಹುಳುಗಳು ಸೊಪ್ಪು ಮೇಯುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಗಂಜಿ ಹಾಕಿದ ಸೀರೆಗಳನ್ನು ಮಡಿಸುತ್ತಲೇ ಇರುವ ಹಾಗೆ. ದೊಡ್ಡವರು ಯಾರೂ ಮಾತಾಡುತ್ತಿರಲಿಲ್ಲ. ಕೆಲಸ ಅಷ್ಟಿತ್ತು.

ಆ ಕೋಣೆಯಲ್ಲಿ ನೋಡಲು ಚೆಂದವಾದದ್ದು ಒಂದೇ, ಅಮ್ಮ ಸೊಪ್ಪು ಹಾಕುವುದು. ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಎಡಗೈಯ ಮೊರದಿಂದ ಬಲಗೈ ತುಂಬ ತೆಗೆದು, ತಟ್ಟೆಯ ಮೇಲೆ ಕೈ ಚಾಚಿ, ಮಣಿಕಟ್ಟನ್ನು ಒಂದೇ ಸಲ ಅಲುಗಿಸುತ್ತಿದ್ದಳು. ಸೊಪ್ಪು ಎಲ್ಲ ಕಡೆಗೂ ಒಂದೇ ಸಮ ಬೀಳುತ್ತಿತ್ತು. ಎಲ್ಲೂ ಗುಪ್ಪೆ ಇಲ್ಲ, ಎಲ್ಲೂ ಖಾಲಿ ಇಲ್ಲ. ಅಪ್ಪ ಹಾಕಿದರೆ ಗುಪ್ಪೆ ಬೀಳುತ್ತಿತ್ತು. ಅಮ್ಮನ ಬಗ್ಗೆ ಒಳ್ಳೆಯ ಮಾತು ಆಡುವುದೇ ಅಪರೂಪವಾಗಿದ್ದ ಅಜ್ಜಿ ಕೂಡ ಇದೊಂದನ್ನು ಒಪ್ಪಿಕೊಳ್ಳುತ್ತಿದ್ದಳು. "ಕೈ ಐತೆ ಅವಳಿಗೆ," ಅನ್ನುತ್ತಿದ್ದಳು, ಅಮ್ಮ ದೂರ ಇರುವಾಗ.

ನನ್ನ ಪಾಲಿನ ಕೆಲಸ ತಟ್ಟೆಗೆ ಕಾಗದ ಹಾಸುವುದು. ಹಿಕ್ಕೆ ಮತ್ತು ಒಣಗಿದ ಸೊಪ್ಪು ತೆಗೆದು ತಟ್ಟೆ ಬದಲಿಸುವಾಗ ತಳಕ್ಕೆ ಹಳೆಯ ಪೇಪರು ಹಾಸಿ, ಅದರ ಮೇಲೆ ಹುಳು, ಹುಳುವಿನ ಮೇಲೆ ಸೊಪ್ಪು. ಶಿಡ್ಲಘಟ್ಟದ ಅಂಗಡಿಯಿಂದ ಅಪ್ಪ ಪೇಪರಿನ ಕಟ್ಟು ತಂದು ಕೋಣೆಯ ಹೊರಗಿನ ಮೂಲೆಯಲ್ಲಿ ಇಡುತ್ತಿದ್ದರು. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ, ಹಾಗಾಗಿ ಕಟ್ಟು ನನ್ನದೇ ಅಂದುಕೊಂಡಿದ್ದೆ. ಮೊದಲು ಓದುತ್ತಿದ್ದೆ. ಆಮೇಲೆ ಫೋಟೋದಲ್ಲಿದ್ದವರಿಗೆಲ್ಲ ಇದ್ದಿಲಿನಿಂದ ಮೀಸೆ, ಕೊಂಬು ಬರೆದೆ. ಆಮೇಲೆ ಬಿಳಿ ಜಾಗ ಹೆಚ್ಚಿರುವ ಹಾಳೆಗಳನ್ನು ಆರಿಸಿಟ್ಟುಕೊಂಡು ಮನೆಯವರನ್ನು ಬರೆಯತೊಡಗಿದೆ. ಅಪ್ಪ ಅಂದರೆ ಸವರಿಬಿಟ್ಟ ಹಿಪ್ಪುನೇರಳೆ ಮೋಟು, ಅದಕ್ಕೆ ಎರಡೂ ಕಡೆ ಎಲೆಯ ಬದಲು ಎರಡು ಕಿವಿ. ನಮ್ಮ ಮೇಷ್ಟ್ರು ಕನ್ನಡಕ ಹಾಕಿದ ಕೊಕ್ಕರೆ. ಎದುರು ಮನೆಯ ಹುಡುಗಿ ಒಂಟಿ ಕಾಲಿನ ಬಾತುಕೋಳಿ, ಜೀವನಪೂರ್ತಿ ಕುಂಟೆಬಿಲ್ಲೆಯಲ್ಲೇ ಇರಲಿ ಅಂತ. ಹಾಸಿದ ಕೂಡಲೇ ಇವರೆಲ್ಲ ಹುಳುಗಳ ಕೆಳಗೆ ಮುಚ್ಚಿಹೋಗುತ್ತಿದ್ದರು. ತಟ್ಟೆ ಬದಲಿಸುವ ದಿನ ಮತ್ತೆ ಕಾಣಿಸುತ್ತಿದ್ದರು, ಮುಖದ ತುಂಬ ಹಿಕ್ಕೆಯ ಚುಕ್ಕಿ ಹೊತ್ತು. ನನಗೆ ನಗು. ಜೊತೆಗೆ ನಗಲು ಯಾರೂ ಇರಲಿಲ್ಲ, ಅಷ್ಟೇ. ಒಂದು ದಿನ ಅಜ್ಜಿ ನೋಡಿದಳು.

"ಏ ಮಂಜೀ, ಏನು ಗೀಚ್ತಿದ್ದೀಯ?"

"ಕೊಕ್ಕರೆ ಅಜ್ಜಿ."

"ಕೊಕ್ಕರೆಗೆ ಯಾಕೆ ಕನ್ನಡಕ? ಥೂ, ನಿಮ್ಮ ಮೇಷ್ಟ್ರು ಇದ್ದಂಗೈತಲ್ಲೇ."

ಅವಳು ಬಾಯಿಗೆ ಸೆರಗು ಹಿಡಿದು ಹೋದಳು. ನಗುತ್ತಿದ್ದಳು ಅಂತ ಬೆನ್ನು ನೋಡಿ ಗೊತ್ತಾಯಿತು. ನನ್ನ ಚಿತ್ರಕ್ಕೆ ಮೊದಲು ನಕ್ಕವಳು ಅವಳೇ. ಆ ನಗು ಇನ್ನೊಂದು ಸಲ ಬೇಕು ಅನ್ನಿಸಿದ್ದಕ್ಕೇ ನಾನು ಅವಳನ್ನು ಬರೆಯಲು ಹೊರಟದ್ದು.

ಅಜ್ಜಿಯ ಮುಖ ಇದ್ದಿಲಿಗೆ ಸಿಗಲಿಲ್ಲ. ಕೆಳದುಟಿಯ ಒಳಗೆ ಸದಾ ಹೊಗೆಸೊಪ್ಪು ಇಟ್ಟುಕೊಂಡು ಅಲ್ಲಿ ಒಂದು ಚೀಲವೇ ಬೆಳೆದಿತ್ತು, ಅದು ಬಂತು. ಮೈಬಣ್ಣ ಬರಲಿಲ್ಲ. ಅರಿಶಿನ ಹಚ್ಚಿದೆ, ಸೊಪ್ಪಿನ ರಸ ಹಚ್ಚಿದೆ, ಯಾವುದೂ ಅವಳಾಗಲಿಲ್ಲ. ಅವಳು ಉಗಿದ ಜಾಗದಲ್ಲಿ ಜಗಲಿಯ ಕಲ್ಲು ಕಂದಾಗಿತ್ತಲ್ಲ, ಆ ಬಣ್ಣ ಬೇಕಿತ್ತು. ಅವಳು ಹಿತ್ತಲಿಗೆ ಹೋದಾಗ ತಗಡಿನ ಡಬ್ಬಿಯಿಂದ ಒಂದು ಎಸಳು ಹೊಗೆಸೊಪ್ಪು ಕದ್ದು, ಕರಟದಲ್ಲಿ ನೀರು ಹಾಕಿ ನೆನೆಸಿಟ್ಟೆ. ಮಾರನೆಯ ದಿನ ನೋಡಿದರೆ ಅದೇ ಬಣ್ಣ. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಅಜ್ಜಿಯನ್ನು ಬರೆದೆ. ಒಂದು ಹಾಳೆ ಅಲ್ಲ, ಕಟ್ಟಿನಲ್ಲಿದ್ದ ಒಳ್ಳೆಯ ಹಾಳೆಗಳಿಗೆಲ್ಲ ಬರೆದೆ. ಅಜ್ಜಿ ಎಮ್ಮೆಯಾಗಿ, ಅಜ್ಜಿ ಕಣಜವಾಗಿ, ಅಜ್ಜಿ ಹುಳುವಾಗಿ ತಟ್ಟೆಯ ಮೇಲೆ ಕೂತು ಸೊಪ್ಪಿನ ಬದಲು ಹೊಗೆಸೊಪ್ಪು ಮೇಯುತ್ತಿರುವ ಹಾಗೆ.

ಹೊಗೆಸೊಪ್ಪು ಹುಳುವಿಗೆ ವಿಷ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಮನೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಬರೆದು ಮುಗಿಸಿ ಬೂದಿ ಹಚ್ಚಿ ಮೂರು ಸಲ ಕೈ ತೊಳೆದಿದ್ದೆ. ಕೈಗೆ ಕಾನೂನು ಇತ್ತು, ಬಾಯಿಗೆ ಇತ್ತು, ಕಾಗದಕ್ಕೆ ಕಾನೂನು ಇದೆ ಅಂತ ಯಾರೂ ಹೇಳಿರಲಿಲ್ಲ. ಒಣಗಿದ ಮೇಲೆ ಅದು ಬರೀ ಬಣ್ಣ ಅಂದುಕೊಂಡೆ. ಹುಳು ಮೂರನೆಯ ಜ್ವರ ಎದ್ದ ದಿನ ತಟ್ಟೆ ಬದಲಿಸಿದೆವು. ನಾನೇ ನನ್ನ ಕೈಯಾರೆ ಆ ಹಾಳೆಗಳನ್ನು ಹಾಸಿದೆ. ಸೋನೆ ಹಿಡಿದಿತ್ತು, ಸೊಪ್ಪು ಒದ್ದೆಯಾಗಿತ್ತು, ಒಣಗಿಸಿಕೊಳ್ಳಲು ಬಿಸಿಲಿರಲಿಲ್ಲ. ಒದ್ದೆ ಸೊಪ್ಪಿಗೆ ಕಾಗದದ ಬಣ್ಣ ಬಿಟ್ಟುಕೊಂಡಿತು.

ಬೆಳಿಗ್ಗೆ ಸೊಪ್ಪು ಹಾಕಲು ಹೋದ ಅಮ್ಮ ಒಳಗಿನಿಂದ ಅಪ್ಪನನ್ನು ಕರೆದಳು. ಅವಳು ಹಾಗೆ ಜೋರಾಗಿ ಕರೆದದ್ದು ನಾನು ಕೇಳಿರಲಿಲ್ಲ. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಮೈ ಕುಗ್ಗಿತ್ತು, ಬಾಯಿಂದ ಹಸಿರು ನೀರು. ಮಧ್ಯಾಹ್ನದ ಹೊತ್ತಿಗೆ ತಲೆ ಆಡಿಸುವುದೂ ನಿಂತಿತು. ಮುಂದಿನ ಸಾಲಿನ ಎರಡು ಸ್ಟ್ಯಾಂಡುಗಳು ಪೂರ್ತಿ ಹೋದವು. ಹಿಂದಿನದು, ಅಂದರೆ ನನ್ನ ಚಿತ್ರದ ಹಾಳೆ ಸಾಲದೆ ಬರೀ ಪೇಪರು ಹಾಸಿದ್ದು, ಉಳಿಯಿತು. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. ಅಜ್ಜಿ ಕೂರಲಿಲ್ಲ. ಅವಳು ನೇರವಾಗಿ ಅಮ್ಮನ ಎದುರು ನಿಂತಳು.

"ನೀನು ತಲೆಗೆ ನೀರು ಹಾಕ್ಕೊಂಡಿದ್ದು ಯಾವತ್ತು?"

ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಕೇಳಿದ್ದು ನಿನ್ನನ್ನೇ ಕಣೇ. ಎಷ್ಟನೇ ದಿನ?"

"ಮೂರು, ಅತ್ತೆ. ಕೈ ಸಾಲ್ತಿರಲಿಲ್ಲ. ಸೊಪ್ಪು ಬಾಡ್ತಿತ್ತು."

ಅಷ್ಟೇ. ಮತ್ತೆ ಏನನ್ನೂ ಹುಡುಕಬೇಕಾಗಲಿಲ್ಲ. ಒಂದು ದಿನ ಮುಂಚೆ ಸುಣ್ಣದ ಗೆರೆ ದಾಟಿದ್ದಳು, ಮನೆಯ ಬೆಳೆ ಹೋಗಿತ್ತು. ಎರಡು ದಿನ ಬಿಟ್ಟು ರೇಷ್ಮೆ ಇಲಾಖೆಯವರೊಬ್ಬರು ಮೊಪೆಡ್‌ನಲ್ಲಿ ಬಂದು ಸತ್ತ ಹುಳು ತಿರುಗಿಸಿ ನೋಡಿ, ಹತ್ತಿರದಲ್ಲಿ ಹೊಗೆಸೊಪ್ಪಿನ ಹೊಲ ಇದೆಯಾ, ಮನೆಯಲ್ಲಿ ಯಾರಾದರೂ ಹಾಕುತ್ತೀರಾ ಅಂತ ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡಳು.

"ಕೈ ತೊಳೀದೆ ನಾನು ಯಾವತ್ತೂ ಒಳಕ್ಕೆ ಹೋದೋಳಲ್ಲ ಸ್ವಾಮಿ. ನಮ್ಮನೆ ತಪ್ಪು ಬೇರೆ ಐತೆ. ನಮಗೆ ಗೊತ್ತೈತೆ."

ಅಮ್ಮ ತಲೆ ತಗ್ಗಿಸಿದಳು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನನಗೆ ಆ ಕ್ಷಣ ಎಲ್ಲ ಅರ್ಥವಾಯಿತು. ಬಾಯಿ ತೆರೆದರೆ ಆಗುತ್ತಿತ್ತು, ನಾಲ್ಕು ಮಾತು. ತೆರೆಯಲಿಲ್ಲ. ಅಪ್ಪ ತಿಪ್ಪೆಯ ಪಕ್ಕ ಗುಂಡಿ ತೆಗೆದು ಹುಳು, ಸೊಪ್ಪು, ಕಾಗದ ಎಲ್ಲ ಸುರಿದು ಮೇಲೆ ಸುಣ್ಣ ಹಾಕಿ ಮುಚ್ಚಿದರು. ಕಾಗದದಲ್ಲಿ ಏನಿತ್ತು ಅಂತ ಯಾರೂ ನೋಡಲಿಲ್ಲ.

ಅಮ್ಮನಿಗೆ ಯಾರೂ ಹೊಡೆಯಲಿಲ್ಲ, ಬೈದದ್ದೂ ಒಂದೆರಡು ದಿನವೇ. ಮುಂದಿನ ಬೆಳೆಯಿಂದ ಅವಳನ್ನು ಒಳಗೆ ಬಿಡಲಿಲ್ಲ, ಅಷ್ಟೇ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಕೂತು ಸೊಪ್ಪು ಹೆಚ್ಚಿ, ಮೊರ ತುಂಬಿ, ಸುಣ್ಣದ ಗೆರೆಯ ಈಚೆ ಇಟ್ಟು ಹಿಂದಕ್ಕೆ ಸರಿಯಬೇಕು. ಒಳಗೆ ಅಪ್ಪ ಗುಪ್ಪೆಗುಪ್ಪೆಯಾಗಿ ಸೊಪ್ಪು ಹಾಕುತ್ತಿದ್ದರು. ಅವಳು ಬಾಗಿಲಾಚೆಯಿಂದ ನೋಡುತ್ತಿದ್ದಳು. ನಾನು ಒಳಗೆ, ಅವಳು ಹೊರಗೆ. ಅಲ್ಲಿಯವರೆಗೆ ಆ ಮನೆಯಲ್ಲಿ ಒಂಟಿಯಾಗಿದ್ದವಳು ನಾನೊಬ್ಬಳು ಅಂದುಕೊಂಡಿದ್ದೆ. ಒಂಟಿಯಾದ ಇಬ್ಬರು ಒಂದೇ ಮನೆಯಲ್ಲಿದ್ದರೆ ಜೊತೆಯಾಗುತ್ತಾರೆ ಅನ್ನುವುದೇನೂ ಇಲ್ಲ. ನಾನು ಅವಳ ಪಕ್ಕ ಕೂರುವುದನ್ನೇ ಬಿಟ್ಟೆ. ಅವಳ ಮುಖ ನೋಡಿದರೆ ಹೇಳಿಬಿಡುತ್ತೇನೆ ಅನ್ನುವ ಭಯ. ಅವಳು ಇನ್ನೊಂದು ಕೆಲಸವನ್ನೂ ಬಿಟ್ಟಳು. ಸಂಜೆ ಹಾಲು ಕಾಸಿ ಆರಿಸಿ ನನ್ನನ್ನು ಕರೆಯುತ್ತಿದ್ದಳು.

"ಮಂಜಮ್ಮ, ಹೆಪ್ಪು ನೀನು ಹಾಕಮ್ಮ. ನಿನ್ನ ಕೈ ಒಳ್ಳೇದು."

ನಾನು ಹಾಕುತ್ತಿದ್ದೆ. ಮೊಸರು ಗಟ್ಟಿಯಾಗುತ್ತಿತ್ತು. ಬೇರೆಯವರ ಎಳೆ ಮಗುವನ್ನು ಕೂಡ ಅವಳು ಎತ್ತಿಕೊಳ್ಳುತ್ತಿರಲಿಲ್ಲ, ಇನ್ನೊಬ್ಬರ ತೊಡೆಯ ಮೇಲಿಟ್ಟು ನೋಡುತ್ತಿದ್ದಳು. ಇದನ್ನೆಲ್ಲ ಕಂಡೂ ನಾನು ನನಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ. ಅಜ್ಜಿಯ ಬಾಯಿಗೆ ಹೆದರಿ ಅಮ್ಮ ಹೀಗೆ ನಡೆದುಕೊಳ್ಳುತ್ತಾಳೆ, ತನ್ನ ಕೈ ಕೆಟ್ಟದ್ದು ಅಂತ ಮನಸ್ಸಿನೊಳಗೆ ನಂಬಿಲ್ಲ. ನಂಬದವಳಿಗೆ ಹೇಳಿ ಏನಾಗಬೇಕು? ಈ ಸಮಾಧಾನದ ಮೇಲೆ ನಾನು ಬಹಳ ವರ್ಷ ಬದುಕಿದೆ.

ಅಜ್ಜಿ ಹೋದಳು. ಬೆಳೆ ಬಂತು, ಹೋಯಿತು. ನಾನು ಓದಿದೆ. ಶಿಡ್ಲಘಟ್ಟದಲ್ಲಿ ಪಿಯುಸಿ, ಚಿಕ್ಕಬಳ್ಳಾಪುರದಲ್ಲಿ ಬಿ.ಎ., ಎರಡು ಬಸ್ಸು ಬದಲಿಸಿ, ಹೆಚ್ಚಿನ ದಿನ ನಿಂತುಕೊಂಡೇ. ನಮ್ಮ ಮನೆಯಲ್ಲಿ ಮಾತ್ರವಲ್ಲ, ನಮ್ಮ ಬೀದಿಯಲ್ಲೇ ಪದವಿ ಪಡೆದ ಮೊದಲ ಹೆಣ್ಣು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಬರೆದ ಒಂದು ಚಿತ್ರದಿಂದ ಪತ್ರಿಕೆಯ ಕೆಲಸ ಸಿಕ್ಕಿತು. ಮಂತ್ರಿಗಳ ಮೂಗು ಬರೆದೆ, ಕ್ರಿಕೆಟ್ ಆಟಗಾರರ ಗಲ್ಲ ಬರೆದೆ. ಆಮೇಲೆ ಮಕ್ಕಳ ಪುಸ್ತಕಗಳಿಗೆ ಹಾರುವ ಎಮ್ಮೆ, ಛತ್ರಿ ಹಿಡಿದ ಹುಳು. ಓದುಗರಿಗೆ ನನ್ನ ಹುಳುಗಳು ಇಷ್ಟ. ಯಾಕೆ ಹುಳು ಅಂತ ಕೇಳುತ್ತಾರೆ. ನಮ್ಮ ಕಡೆ ಜಾಸ್ತಿ ಅನ್ನುತ್ತೇನೆ. ಸಭೆಗಳಲ್ಲಿ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತದೆ: ಮನೆಯವರನ್ನೆಲ್ಲ ಬರೆದಿದ್ದೀರಿ, ತಾಯಿಯನ್ನು ಯಾಕೆ ಬರೆದಿಲ್ಲ? ನನ್ನ ಉತ್ತರ ತಯಾರಾಗಿತ್ತು. ವ್ಯಂಗ್ಯಚಿತ್ರಕ್ಕೆ ಮುಖದಲ್ಲಿ ಏನಾದರೂ ಒಂದು ಹೆಚ್ಚಾಗಿರಬೇಕು. ನಮ್ಮಮ್ಮನ ಮುಖದಲ್ಲಿ ಯಾವುದೂ ಹೆಚ್ಚಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅದು ಸುಳ್ಳು. ಬರೆಯಬೇಕಾದರೆ ಮುಖವನ್ನು ನೋಡಬೇಕು, ನಾನು ನೋಡುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆಗೇ ಇದ್ದಾಳೆ. ಹೋದ ವರ್ಷ ಮಕ್ಕಳ ಪುಸ್ತಕವೊಂದಕ್ಕೆ ನಾನು ಬೆಳೆದ ಮನೆಯನ್ನೇ ಎರಡು ಪುಟಕ್ಕೆ ಹರಡಿ ಬರೆದುಕೊಡಿ ಅಂತ ಕೇಳಿದರು. ಬರೆಯಲು ಕೂತಾಗ ಗೋಡೆ, ತಟ್ಟೆ, ಬಲೆಯ ಕಿಟಕಿ ಎಲ್ಲ ಬಂದವು. ಕೈ ನಿಲ್ಲಲಿಲ್ಲ. ಬಾಯಲ್ಲಿ ಬಾರದ್ದು ಕೈಯಲ್ಲಿ ಬಂತು. ಅಂಚೆಗೆ ಹಾಕುವ ಮೊದಲು ಒಂದು ಮಧ್ಯಾಹ್ನ, ಊಟವಾದ ಮೇಲೆ, ಚಿತ್ರವನ್ನು ಅಮ್ಮನ ಮುಂದೆ ಮೇಜಿನ ಮೇಲೆ ಇಟ್ಟೆ. ಅವಳಿಗೆ ಅಕ್ಷರ ಬಾರದು. ಚಿತ್ರವನ್ನು ಬೆರಳಿಟ್ಟು ಓದುತ್ತಾಳೆ, ಗುರುತಿನವರು ಮೊದಲು ಎಲ್ಲಿ ಸಿಗುತ್ತಾರೋ ಅಲ್ಲಿಂದ.

"ಇದು ನಿಮ್ಮಜ್ಜಿ. ಅಯ್ಯೋ, ತುಟಿ ನೋಡು, ಚೀಲ ಇದ್ದಂಗೈತೆ. ಇದು ನಿಮ್ಮಪ್ಪ. ಕಿವಿ ಇಷ್ಟು ದೊಡ್ಡದಿರಲಿಲ್ಲ ಕಣೇ."

"ಇತ್ತಮ್ಮ."

"ಇತ್ತು ಬಿಡು. ಇದು ನೀನು. ಕರಟದಲ್ಲಿ ಏನದು, ಕಾಫಿನಾ?"

ಅವಳ ಬೆರಳು ಕರಟದಿಂದ ಮೇಲಕ್ಕೆ ಹೋಯಿತು. ಅಜ್ಜಿಯ ಬೆನ್ನ ಹಿಂದೆ ತೆರೆದ ತಗಡಿನ ಡಬ್ಬಿ. ಹುಡುಗಿಯ ಕೈಯಲ್ಲಿ ಬೇವಿನ ಕಡ್ಡಿ. ಕಡ್ಡಿಯ ಕೆಳಗೆ ಕಾಗದ, ಕಾಗದದಲ್ಲಿ ಕಂದು ಮುಖ. ಅದೇ ಕಾಗದ ತಟ್ಟೆಯ ತಳದಲ್ಲಿ. ಅದರ ಮೇಲೆ ತಲೆ ಎತ್ತಿದ ಹುಳುಗಳು. ಬೆರಳು ಅಲ್ಲಿ ನಿಂತಿತು. ಹಿಂದಕ್ಕೆ ಹೋಗಿ ಡಬ್ಬಿಯನ್ನು ಇನ್ನೊಂದು ಸಲ ಮುಟ್ಟಿ ಬಂತು.

"ಹೊಗೆಸೊಪ್ಪು."

"ಹೂಂ."

"ಕಾಗದಕ್ಕೆ."

"ಹೂಂ ಅಮ್ಮ. ನಾನೇ. ನಿಂಗೆ ಹೇಳ್ಲಿಲ್ಲ."

ಅವಳು ಕನ್ನಡಕ ತೆಗೆದಳು, ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅಥವಾ ನಕ್ಕುಬಿಡುತ್ತಾಳೆ, ಯಾವ ಕಾಲದ ಮಾತು ಬಿಡು ಅನ್ನುತ್ತಾಳೆ ಅಂತ ಆಸೆ ಇತ್ತು. ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದಳು.

"ನಾನೇ ಅಂದ್ಕೊಂಡಿದ್ದೆ ಕಣಮ್ಮ," ಅಂದಳು. "ಮೂರನೇ ದಿನಕ್ಕೇ ಹೋದೆನಲ್ಲ. ನನ್ನ ಕೈಯೇ ಅಂದ್ಕೊಂಡಿದ್ದೆ. ಇಷ್ಟು ವರ್ಷ."

ನಾನು ಕಟ್ಟಿಕೊಂಡಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಅವಳು ನಂಬಿದ್ದಳು. ಅಜ್ಜಿ ಹೋದ ಮೇಲೂ, ಮನೆಯಲ್ಲಿ ಹುಳು ಮೇಯಿಸುವುದು ನಿಂತ ಮೇಲೂ, ಈ ಪಟ್ಟಣದ ಮನೆಯಲ್ಲಿ ಫ್ರಿಜ್ಜಿನ ಪಕ್ಕ ನಿಂತು ಹೆಪ್ಪು ಹಾಕಲು ನನ್ನನ್ನು ಕರೆಯುವಾಗಲೂ. ಕ್ಷಮಿಸು ಅನ್ನುವ ಮಾತು ಆ ಹೊತ್ತಿಗೆ ಎಷ್ಟು ಚಿಕ್ಕದು ಅಂತ ಗೊತ್ತಿದ್ದೂ ಅಂದೆ. ಕ್ಷಮಿಸಿದೆ ಅಂತ ಅವಳು ಇವತ್ತಿಗೂ ಹೇಳಿಲ್ಲ. ಕನ್ನಡಕ ಹಾಕಿಕೊಂಡು ಮತ್ತೆ ಚಿತ್ರದ ಮೇಲೆ ಬಗ್ಗಿದಳು.

"ಇದ್ರಲ್ಲಿ ನಾನೆಲ್ಲಿ?"

ತೋರಿಸಿದೆ. ಪುಟದ ಅಂಚಿನಲ್ಲಿ, ಹಿತ್ತಲಿನ ಚಪ್ಪರದ ಕೆಳಗೆ ಒಂದು ಬೆನ್ನು.

"ಮುಖ ಇಲ್ಲ."

"ಬರಲಿಲ್ಲ ಅಮ್ಮ."

"ಒಳಕ್ಕೆ ತಂದು ಬರಿ. ಸೊಪ್ಪು ಹಾಕ್ತಿರೋ ಹಂಗೆ ಬರಿ."

ಬೇರೆ ಹಾಳೆ ತೆಗೆದುಕೊಂಡೆ. ಸ್ಟ್ಯಾಂಡಿನ ಮುಂದೆ ಅವಳನ್ನು ನಿಲ್ಲಿಸಿದೆ, ಎಡಗೈಗೆ ಮೊರ ಕೊಟ್ಟೆ. ಬಲಗೈ ಬರೆಯುವಾಗ ಅವಳು ತಡೆದಳು.

"ಹಂಗಲ್ಲ. ಅದು ನಿಮ್ಮಪ್ಪನ ಕೈ. ಗುಪ್ಪೆ ಬೀಳುತ್ತೆ."

ಅವಳು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಬಲಗೈ ಚಾಚಿ, ಮಣಿಕಟ್ಟನ್ನು ಒಂದೇ ಒಂದು ಸಲ ಅಲುಗಿಸಿದಳು. ಆಮೇಲೆ ಕೈಯನ್ನು ಗಾಳಿಯಲ್ಲಿ ಹಾಗೆಯೇ ಹಿಡಿದಳು. ನಾನು ಮುಖ ಎತ್ತಿ ನೋಡಿದೆ, ಬರೆದೆ, ಮತ್ತೆ ನೋಡಿದೆ. ಎಪ್ಪತ್ತು ದಾಟಿದ ಕೈ ಅದು. ನಾನು ಬರೆದು ಮುಗಿಸುವವರೆಗೂ ಅವಳು ಅದನ್ನು ಇಳಿಸಲಿಲ್ಲ.